ಇಂಗಾಲದ ಪದರಗಳನ್ನು ಓದಿದ ವಿದುಷಿ: ರೋಸಲಿಂಡ್ ಫ್ರಾಂಕ್ಲಿನ್

ಮಲ್ಲಿಗೆಯ ಬಳ್ಳಿ ಹಬ್ಬುವುದಕ್ಕೆ ಹಂದರ ಬೇಕು. ಮನೆಯ ಗೋಡೆ ಮೇಲೇಳುವುದಕ್ಕೆ ಸಾರುವೆ ಬೇಕು. ಗೋಡೆ ಪೂರ್ಣವಾದೊಡನೆ ಸಾರುವೆಯನ್ನು ಬಿಚ್ಚಿಬಿಡುತ್ತಾರೆ. ಮನೆಯೊಳಗೆ ಬಾಳುವವರು ಗೋಡೆಯನ್ನು ನೋಡುತ್ತಾರೆಯೇ ಹೊರತು ಸಾರುವೆಯನ್ನು ನೆನೆಯುವುದಿಲ್ಲ. ಲೋಕದ ರೀತಿಯೇ ಹೀಗೆ.

ಮನುಷ್ಯನ ದೇಹದೊಳಗೂ ಇಂತಹ ಹಂದರವನ್ನು ಕಟ್ಟುವ ವಿದ್ಯೆಯೊಂದು ಇಂದು ಬೆಳೆಯುತ್ತಿದೆ. ಮುರಿದು ನಷ್ಟವಾದ ಎಲುಬು, ಸವೆದ ಮೃದ್ವಸ್ಥಿ, ಸುಟ್ಟ ಚರ್ಮ, ಇವುಗಳ ಸ್ಥಾನದಲ್ಲಿ ಸೂಕ್ಷ್ಮ ರಂಧ್ರಗಳುಳ್ಳ ಆಧಾರವೊಂದನ್ನಿರಿಸಿ, ಅದರ ಮೇಲೆ ಜೀವಕೋಶಗಳು ನೆಲೆಯೂರಿ, ವೃದ್ಧಿಹೊಂದಿ, ಹೊಸ ಅಂಗಾಂಶವಾಗಿ ಕೂಡಿಕೊಳ್ಳುವಂತೆ ಮಾಡುವುದೇ ಆ ವಿದ್ಯೆಯ ಗುರಿ. ಇದನ್ನು ಅಂಗಾಂಶ ತಂತ್ರವಿದ್ಯೆ ಎನ್ನುತ್ತಾರೆ. ಆ ಹಂದರಕ್ಕೆ ಬಲ ಬರಲೆಂದು ಸೇರಿಸಿ ನೋಡುತ್ತಿರುವ ದ್ರವ್ಯಗಳಲ್ಲಿ ಪದರ ಪದರವಾದ ಅತಿಸೂಕ್ಷ್ಮ ವಸ್ತುಗಳು ಮುಖ್ಯವಾದುವು. ಅವುಗಳಲ್ಲಿಯೂ ಇಂಗಾಲದ ಪದರಗಳಿಗೆ ವಿಶೇಷವಾದ ಸ್ಥಾನವಿದೆ.

ಈ ಇಂಗಾಲದ ಪದರಗಳು ಹೇಗೆ ಜೋಡಿಸಿಕೊಳ್ಳುತ್ತವೆ, ಯಾವಾಗ ಜೋಡಿಸಿಕೊಳ್ಳದೆ ಉಳಿಯುತ್ತವೆ ಎಂಬುದನ್ನು ಅಳೆದು ತೂಗಿ ನಿರ್ಣಯಿಸಿದವರಲ್ಲಿ ಅಗ್ರಗಣ್ಯರು ರೋಸಲಿಂಡ್ ಎಲ್ಸಿ ಫ್ರಾಂಕ್ಲಿನ್. ಲೋಕವು ಆಕೆಯನ್ನು ಡಿ.ಎನ್.ಎ. ಅಣುವಿನ ಛಾಯಾಚಿತ್ರಕ್ಕಾಗಿಯೂ ತಪ್ಪಿಹೋದ ನೊಬೆಲ್ ಗೌರವಕ್ಕಾಗಿಯೂ ನೆನೆಯುತ್ತದೆ. ಅದು ಯುಕ್ತವೇ. ಆದರೆ ಅದಕ್ಕೂ ಮೊದಲು ಎಂಟು ವರ್ಷಗಳ ಕಾಲ ಆಕೆ ಕಲ್ಲಿದ್ದಲು ಮತ್ತು ಇದ್ದಿಲುಗಳಲ್ಲಿ ನಡೆಸಿದ ಮೌನ ಸಾಧನೆಯನ್ನು ಬಲ್ಲವರು ವಿರಳ. ಆ ಸಾಧನೆಯನ್ನು ನಮ್ಮ ಶಾಲೆಯ ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದಿರಿಸುವುದೇ ಈ ಲೇಖನದ ಉದ್ದೇಶ.

ವ್ಯಾಕರಣ, ಛಂದಸ್ಸುಗಳ ವ್ಯಾಸಂಗದಲ್ಲಿ ಆಯುಷ್ಯ ಕಳೆದ ನನ್ನಂತಹವನಿಗೆ ಈ ವಿಷಯದಲ್ಲಿ ಬರೆಯುವ ಅಧಿಕಾರವೆಷ್ಟು ಎಂಬ ಶಂಕೆ ವಾಚಕರಿಗೆ ಬಂದರೆ ಆಶ್ಚರ್ಯವಿಲ್ಲ. ಹುಳು ತಿಂದ ಓಲೆಗರಿಯ ಪ್ರತಿಯನ್ನು ಮುಂದಿಟ್ಟುಕೊಂಡು, ಅಳಿದ ಅಕ್ಷರವನ್ನು ಬಾಯಿಗೆ ಬಂದಂತೆ ತುಂಬದೆ, ಉಳಿದ ಅಕ್ಷರಗಳ ಸಾಕ್ಷ್ಯದಿಂದಲೇ ಪಾಠವನ್ನು ನಿರ್ಣಯಿಸಬೇಕೆಂಬುದು ನಮಗೆ ಗುರುಗಳು ಕಲಿಸಿದ ಶಿಸ್ತು. ಫ್ರಾಂಕ್ಲಿನ್ ಅವರ ಜೀವನವನ್ನು ಓದುತ್ತಾ ಹೋದಂತೆ, ಅದೇ ಶಿಸ್ತನ್ನು ಮತ್ತೊಂದು ಲಿಪಿಯಲ್ಲಿ ಆಚರಿಸಿದವರು ಈಕೆ ಎಂದು ನನಗೆ ಮನವರಿಕೆಯಾಯಿತು. ಆ ಧೈರ್ಯದಿಂದಲೇ ಲೇಖನಿ ಹಿಡಿದಿದ್ದೇನೆ.

ಜನನ ಮತ್ತು ವಿದ್ಯಾಭ್ಯಾಸ

ರೋಸಲಿಂಡ್ ಫ್ರಾಂಕ್ಲಿನ್ 1920ನೆಯ ಇಸವಿ ಜುಲೈ 25ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ಎಲಿಸ್ ಫ್ರಾಂಕ್ಲಿನ್, ತಾಯಿ ಮ್ಯೂರಿಯಲ್. ಐವರು ಮಕ್ಕಳಲ್ಲಿ ಈಕೆ ಎರಡನೆಯವರು. ಬ್ಯಾಂಕಿನ ವ್ಯವಹಾರ ನಡೆಸುತ್ತಿದ್ದ ಅನುಕೂಲಸ್ಥ ಯೆಹೂದಿ ಮನೆತನವದು. ಸಂಪತ್ತಿನೊಡನೆ ಲೋಕೋಪಕಾರದ ಬುದ್ಧಿಯೂ ಆ ಮನೆಯಲ್ಲಿತ್ತು. ತಂದೆ ತಮ್ಮ ಬಿಡುವಿನ ವೇಳೆಯಲ್ಲಿ ಶ್ರಮಜೀವಿಗಳ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಹಿಟ್ಲರನ ಹಿಂಸೆಗೆ ಸಿಕ್ಕಿ ಯೂರೋಪಿನಿಂದ ಓಡಿಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದರಲ್ಲಿ ಆ ಕುಟುಂಬ ಶ್ರಮಿಸಿತು.

ಬಾಲಕಿಯರಿಗೆ ಭೌತ ಮತ್ತು ರಸಾಯನ ಶಾಸ್ತ್ರಗಳನ್ನು ಕ್ರಮವಾಗಿ ಬೋಧಿಸುವ ಶಾಲೆಗಳು ಆ ಕಾಲದ ಲಂಡನ್ನಿನಲ್ಲಿಯೂ ಬೆರಳೆಣಿಕೆಯಷ್ಟಿದ್ದುವು. ಅವುಗಳಲ್ಲೊಂದಾದ ಸೇಂಟ್ ಪಾಲ್ಸ್ ಬಾಲಿಕಾ ಶಾಲೆಯಲ್ಲಿ ಓದುವ ಭಾಗ್ಯ ಈಕೆಗೆ ದೊರೆಯಿತು. ಅಲ್ಲಿಂದ 1938ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿ, 1941ರಲ್ಲಿ ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪಾಠ ಕೇಳುವ, ಪರೀಕ್ಷೆಗೆ ಕೂಡುವ ಅವಕಾಶವನ್ನು ಕೊಟ್ಟಿದ್ದಿತಾದರೂ, ಪುರುಷರಿಗೆ ಸಲ್ಲುವ ಪೂರ್ಣ ಪದವಿಯನ್ನು ಅವರಿಗೆ ಕೊಟ್ಟಿರಲಿಲ್ಲ. 1948ರವರೆಗೂ ಆ ಭೇದ ಉಳಿದಿತ್ತು. ಹೀಗಾಗಿ ಉತ್ತೀರ್ಣರಾದಾಗ ಫ್ರಾಂಕ್ಲಿನ್ ಅವರಿಗೆ ದೊರೆತದ್ದು ಹೆಸರಿನ ಪದವಿ ಮಾತ್ರ. ಹೆಣ್ಣುಮಕ್ಕಳ ವಿದ್ಯೆಗಾಗಿ ಕೊಠಡಿ ಕಟ್ಟಿಸಿಕೊಟ್ಟ ದಾನಿಗಳು ಈ ಮಾತನ್ನು ಓದುವಾಗ, ತಮ್ಮ ದಾನದ ಬೆಲೆ ಎಂತಹುದೆಂಬುದನ್ನು ಅರಿತಾರು.

ಕಲ್ಲಿದ್ದಲಿನ ಒಳಹೊರಗು

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ದಿನಗಳವು. ಕೇಂಬ್ರಿಜ್ಜಿನಲ್ಲಿ ಒಂದು ವರ್ಷ ಸಂಶೋಧನೆ ನಡೆಸಿದರೂ ಆ ಕೆಲಸ ಆಕೆಗೆ ತೃಪ್ತಿ ಕೊಡಲಿಲ್ಲ. 1942ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಉಪಯೋಗ ಸಂಶೋಧನ ಸಂಘವನ್ನು ಸೇರಿದರು. ದೇಶಕ್ಕೆ ಆಗ ಇಂಧನ ಬೇಕಾಗಿತ್ತು; ವಿಷಾನಿಲದಿಂದ ರಕ್ಷಿಸುವ ಮುಖಕವಚಗಳಿಗೆ ಇದ್ದಿಲು ಬೇಕಾಗಿತ್ತು. ಹಗಲಿನಲ್ಲಿ ಪ್ರಯೋಗ, ರಾತ್ರಿಯಲ್ಲಿ ಬಾಂಬಿನ ದಾಳಿಯ ಕಾವಲುಗಾರ್ತಿಯಾಗಿ ಸ್ವಯಂಸೇವೆ, ಹೀಗೆ ಆಕೆಯ ದಿನಚರಿ ಸಾಗಿತ್ತು.

ಕಲ್ಲಿದ್ದಲು ನಮ್ಮ ಕಣ್ಣಿಗೆ ಗಟ್ಟಿಯಾದ ಕಪ್ಪು ಕಲ್ಲು. ವಸ್ತುತಃ ಅದರ ತುಂಬ ಅತಿಸೂಕ್ಷ್ಮವಾದ ರಂಧ್ರಗಳಿವೆ. ಒಂದೊಂದು ಬಗೆಯ ಕಲ್ಲಿದ್ದಲಿನಲ್ಲಿ ಒಂದೊಂದು ಪ್ರಮಾಣದ ರಂಧ್ರಗಳು. ಇವುಗಳನ್ನು ಅಳೆಯುವುದಾದರೂ ಹೇಗೆ? ಫ್ರಾಂಕ್ಲಿನ್ ಹೀಲಿಯಂ ಅನಿಲವನ್ನೂ ನಾನಾ ದ್ರವಗಳನ್ನೂ ಕಲ್ಲಿದ್ದಲಿನೊಳಕ್ಕೆ ಹೊಗಿಸಿ, ಯಾವುದು ಎಷ್ಟರಮಟ್ಟಿಗೆ ಒಳನುಗ್ಗಿತೆಂಬುದನ್ನು ಹೋಲಿಸಿ ನೋಡಿದರು. ಹೀಲಿಯಮ್ಮಿನ ಕಣ ಬಹು ಚಿಕ್ಕದು. ಅದು ಹೊಗುವಲ್ಲಿ ದೊಡ್ಡ ಅಣುಗಳು ಹೊಗಲಾರವು. ಕಲ್ಲಿದ್ದಲಿನ ರಂಧ್ರಗಳ ದಾರಿಯಲ್ಲಿ ಅಲ್ಲಲ್ಲಿ ಕಿರಿದಾದ ಕಂಠಗಳಿವೆಯೆಂದೂ, ಅವು ಜರಡಿಯಂತೆ ವರ್ತಿಸಿ ಚಿಕ್ಕ ಅಣುಗಳನ್ನು ಒಳಬಿಟ್ಟು ದೊಡ್ಡವನ್ನು ತಡೆಯುತ್ತವೆಯೆಂದೂ ಆಕೆ ತೋರಿಸಿಕೊಟ್ಟರು. ಈ ಅಧ್ಯಯನದ ಪ್ರಬಂಧಕ್ಕೆ 1945ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಡಾಕ್ಟರೇಟ್ ಪದವಿಯನ್ನಿತ್ತಿತು. ಆಗ ಆಕೆಗೆ ಇಪ್ಪತ್ತೈದು ವರ್ಷ ವಯಸ್ಸು.

ಪ್ಯಾರಿಸ್ಸಿನ ನಾಲ್ಕು ವರ್ಷಗಳು

ರಂಧ್ರಗಳನ್ನು ಅಳೆದವರಿಗೆ ರಂಧ್ರಗಳ ಗೋಡೆ ಯಾವುದರಿಂದ ಆಗಿದೆಯೆಂಬ ಜಿಜ್ಞಾಸೆ ಹುಟ್ಟುವುದು ಸಹಜ. 1947ರ ಆರಂಭದಲ್ಲಿ ಫ್ರಾಂಕ್ಲಿನ್ ಪ್ಯಾರಿಸ್ಸಿಗೆ ಹೋಗಿ ಫ್ರೆಂಚ್ ಸರ್ಕಾರದ ಕೇಂದ್ರ ರಸಾಯನ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿ ಜಾಕ್ ಮೆರಿಂಗ್ ಎಂಬ ವಿದ್ವಾಂಸರಿದ್ದರು. ಜೇಡಿಮಣ್ಣಿನ ಪದರಗಳ ರಚನೆಯನ್ನು ಕ್ಷ-ಕಿರಣಗಳಿಂದ ಅರಿಯುವುದರಲ್ಲಿ ಅವರು ನಿಷ್ಣಾತರು. ಸುವ್ಯವಸ್ಥಿತವಾದ ಸ್ಫಟಿಕದ ಮೇಲೆ ಕ್ಷ-ಕಿರಣವನ್ನು ಹಾಯಿಸಿದರೆ ಸ್ಪಷ್ಟವಾದ ಚುಕ್ಕೆಗಳು ಮೂಡುತ್ತವೆ. ಅವುಗಳಿಂದ ಪರಮಾಣುಗಳ ಸ್ಥಾನವನ್ನು ಗಣಿಸಬಹುದು. ಜೇಡಿಮಣ್ಣು, ಇದ್ದಿಲುಗಳಂತಹ ಅರೆವ್ಯವಸ್ಥೆಯ ವಸ್ತುಗಳಾದರೋ ಮಸುಕಾದ ಪಟ್ಟೆಗಳನ್ನು ಮಾತ್ರ ಕೊಡುತ್ತವೆ. ಆ ಮಸುಕನ್ನು ಓದುವ ವಿದ್ಯೆಯನ್ನು ಮೆರಿಂಗ್ ಅವರಿಂದ ಕಲಿತ ಫ್ರಾಂಕ್ಲಿನ್, ಕೆಲವೇ ವರ್ಷಗಳಲ್ಲಿ ಅದನ್ನು ಇಂಗಾಲಕ್ಕೆ ಅನ್ವಯಿಸಿ ಸ್ವತಂತ್ರ ಪಾಂಡಿತ್ಯವನ್ನು ಗಳಿಸಿದರು.

ಇಂಗಾಲದ ಪದರಗಳೆಂದರೇನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಪೆನ್ಸಿಲ್ಲಿನೊಳಗಿನ ಕಪ್ಪು ಕಡ್ಡಿಯನ್ನು ನಾವು ರೂಢಿಯಲ್ಲಿ ಸೀಸವೆಂದರೂ ಅದು ಸೀಸವಲ್ಲ. ಗ್ರಾಫೈಟ್ ಎಂಬ ಇಂಗಾಲದ ಒಂದು ರೂಪ. ಅದರಲ್ಲಿ ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಷಟ್ಕೋನಗಳಾಗಿ ಹೆಣೆದುಕೊಂಡು ಚಪ್ಪಟೆಯಾದ ಹಾಳೆಗಳಾಗಿರುತ್ತವೆ. ಒಂದು ಹಾಳೆಯೊಳಗಿನ ಬಂಧ ಬಹು ಬಲವಾದುದು. ಹಾಳೆ ಹಾಳೆಗಳ ನಡುವಣ ಸೆಳೆತ ದುರ್ಬಲವಾದುದು. ಆದುದರಿಂದಲೇ ಕಾಗದದ ಮೇಲೆ ಎಳೆದಾಗ ಹಾಳೆಗಳು ಜಾರಿ ಗೆರೆ ಮೂಡುತ್ತದೆ.

ಈ ಹಾಳೆಗಳ ಜೋಡಣೆಯನ್ನು ಓಲೆಗರಿಯ ಕಟ್ಟಿನ ದೃಷ್ಟಾಂತದಿಂದ ತಿಳಿಯಬಹುದು. ಗರಿಗಳ ರಂಧ್ರಗಳಲ್ಲಿ ದಾರ ಪೋಣಿಸಿ, ಒಂದರ ಮೇಲೊಂದು ಅಂಚಿಗೆ ಅಂಚು ಕೂಡುವಂತೆ ಕಟ್ಟಿದ ಹೊತ್ತಗೆಯಂತಿರುವುದು ಗ್ರಾಫೈಟ್. ದಾರವನ್ನು ಸಡಿಲಿಸಿ ಒಂದೊಂದು ಗರಿಯನ್ನೂ ಒಂದೊಂದು ದಿಕ್ಕಿಗೆ ತಿರುಗಿಸಿದರೆ, ಗರಿಗಳು ಒಂದರ ಮೇಲೊಂದಿದ್ದರೂ ಅಂಚುಗಳು ಕೂಡಿರುವುದಿಲ್ಲ. ಅನೇಕ ಬಗೆಯ ಇಂಗಾಲಗಳ ಸ್ಥಿತಿ ಇದು. ಕೆಲವೇ ಗರಿಗಳ ಸಣ್ಣ ಸಣ್ಣ ತುಂಡುಕಟ್ಟುಗಳನ್ನು ಅಡ್ಡಾದಿಡ್ಡಿಯಾಗಿ ರಾಶಿ ಹಾಕಿ ಅಂಟಿನಿಂದ ಬೆಸೆದುಬಿಟ್ಟರೆ ಅದು ಮೂರನೆಯ ಸ್ಥಿತಿ.

ಫ್ರಾಂಕ್ಲಿನ್ ಈ ಮೂರು ಸ್ಥಿತಿಗಳನ್ನೂ ಅಂಕಿಗಳಲ್ಲಿ ಹಿಡಿದರು. ಪದರಗಳು ಸರಿಯಾಗಿ ಹೊಂದಿಕೊಂಡಿರುವಲ್ಲಿ ಅವುಗಳ ನಡುವಣ ಅಂತರ 0.335 ನ್ಯಾನೋಮೀಟರ್, ತಿರುಗಿಕೊಂಡಿರುವಲ್ಲಿ 0.344 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಅದರ ನೂರರಲ್ಲೊಂದು ಪಾಲಿನಷ್ಟು ವ್ಯತ್ಯಾಸವನ್ನು ಮಸುಕು ಪಟ್ಟೆಗಳಿಂದ ಹೆಕ್ಕಿ ತೆಗೆದುದು ಆಕೆಯ ನಿಪುಣತೆ. 1950ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಒಂದು ಬಗೆಯ ಕೃತಕ ಇದ್ದಿಲಿನೊಳಗೆ ಶೇಕಡಾ 65ರಷ್ಟು ಇಂಗಾಲ 1.6 ನ್ಯಾನೋಮೀಟರ್ ಅಗಲದ ಪುಟ್ಟ ಹಾಳೆಗಳಲ್ಲಿದೆಯೆಂದೂ, ಮಿಕ್ಕ 35 ಭಾಗಕ್ಕೆ ಯಾವ ವ್ಯವಸ್ಥೆಯೂ ಇಲ್ಲವೆಂದೂ ಲೆಕ್ಕ ಕೊಟ್ಟರು. ನ್ಯಾನೋ ಎಂಬ ಉಪಸರ್ಗ ಇಂದು ಎಲ್ಲರ ಬಾಯಲ್ಲಿದೆ. ಆ ಮಾತು ಹೀಗೆ ಹರಡುವುದಕ್ಕೆ ದಶಕಗಳ ಮೊದಲೇ ಆ ಪ್ರಮಾಣದ ಲೋಕದಲ್ಲಿ ಈಕೆ ಸಂಚರಿಸಿದ್ದರು.

1951ರಲ್ಲಿ ಪ್ರಕಟವಾದ ಮತ್ತೊಂದು ಲೇಖನ ಈ ಶಾಸ್ತ್ರದಲ್ಲಿ ಮೈಲಿಗಲ್ಲು. ಇಂಗಾಲವನ್ನು ಕಾಯಿಸುತ್ತಾ ಹೋದರೆ ಕೊನೆಗೆ ಎಲ್ಲವೂ ಗ್ರಾಫೈಟ್ ಆಗುವುದೇ ಎಂಬುದು ಅಲ್ಲಿಯ ಪ್ರಶ್ನೆ. ನಾನಾ ಮೂಲಗಳಿಂದ ಮಾಡಿದ ಇಂಗಾಲಗಳನ್ನು 3000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನೋಡಿದಾಗ ಎರಡು ಜಾತಿಗಳು ಬೇರೆಬೇರೆಯಾಗಿ ಕಂಡುವು. ಒಂದು ಜಾತಿಯ ವಸ್ತು ಮೊದಲು ಮೆದುವಾಗುತ್ತದೆ. ಅದರೊಳಗಿನ ಪದರಗುಚ್ಛಗಳು ಚಲಿಸಿ ಒಂದಕ್ಕೊಂದು ಸಮಾಂತರವಾಗಿ ನಿಲ್ಲುತ್ತವೆ. ಬಿಸಿ ಹೆಚ್ಚಿದಂತೆ ಕೂಡಿಕೊಂಡು ಗ್ರಾಫೈಟ್ ಆಗುತ್ತವೆ. ಮತ್ತೊಂದು ಜಾತಿಯದರಲ್ಲಿ ಪದರಗುಚ್ಛಗಳ ನಡುವೆ ಆರಂಭದಲ್ಲಿಯೇ ಅಡ್ಡ ಬೆಸುಗೆಗಳು ಬಿದ್ದು, ಅವು ಅಡ್ಡಾದಿಡ್ಡಿಯಾಗಿಯೇ ಸ್ಥಿರವಾಗುತ್ತವೆ. ಎಷ್ಟು ಕಾಯಿಸಿದರೂ ಅದು ಗ್ರಾಫೈಟ್ ಆಗದು. ಗಟ್ಟಿಯಾದ, ಸೂಕ್ಷ್ಮ ರಂಧ್ರಗಳುಳ್ಳ ಇಂಗಾಲವಾಗಿಯೇ ಉಳಿಯುತ್ತದೆ. ಎಳೆಯದರಲ್ಲಿ ಬಿದ್ದ ಬೆಸುಗೆ ಕೊನೆಯವರೆಗೂ ವಸ್ತುವಿನ ಗತಿಯನ್ನು ನಿರ್ಧರಿಸುತ್ತದೆಂಬ ಈ ತೀರ್ಮಾನ, ಮಕ್ಕಳಿಗೆ ಪಾಠ ಹೇಳುವ ನಮಗೆ ಬೇರೊಂದು ಅರ್ಥದಲ್ಲಿಯೂ ಮನನೀಯವಾಗಿದೆ. ಆಕೆ ಮಾಡಿದ ಈ ವಿಭಾಗ ಇಂಗಾಲ ಶಾಸ್ತ್ರದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಲಂಡನ್ನಿಗೆ ಮರಳಿದ ಮೇಲೆ

1951ರ ಜನವರಿಯಲ್ಲಿ ಫ್ರಾಂಕ್ಲಿನ್ ಲಂಡನ್ನಿನ ಕಿಂಗ್ಸ್ ಕಾಲೇಜನ್ನು ಸೇರಿದರು. ಅಲ್ಲಿಯ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ರ‍್ಯಾಂಡಲ್ ಅವರು ಆಕೆಗೆ ಡಿ.ಎನ್.ಎ. ನೂಲುಗಳ ಅಧ್ಯಯನವನ್ನು ವಹಿಸಿದರು. ಅದೇ ವಿಷಯದಲ್ಲಿ ಮೊದಲೇ ತೊಡಗಿದ್ದ ಮಾರಿಸ್ ವಿಲ್ಕಿನ್ಸ್ ಅವರಿಗೂ ಈಕೆಗೂ ಕಾರ್ಯವಿಭಾಗ ಸ್ಪಷ್ಟವಾಗಿ ತಿಳಿದಿರಲಿಲ್ಲ. ಇದರಿಂದ ಇಬ್ಬರಲ್ಲಿಯೂ ಮನಸ್ತಾಪ ಬೆಳೆಯಿತು. ಆ ಕಹಿಯ ನಡುವೆಯೂ ಕೆಲಸ ನಿಲ್ಲಲಿಲ್ಲ. ನೂಲಿನ ತೇವವನ್ನು ಹೆಚ್ಚುಕಡಿಮೆ ಮಾಡುತ್ತಾ ಹೋದರೆ ಡಿ.ಎನ್.ಎ. ಎರಡು ರೂಪಗಳನ್ನು ತಾಳುತ್ತದೆಂಬುದನ್ನು ಆಕೆ ಕಂಡುಕೊಂಡರು. 1952ರ ಮೇ ತಿಂಗಳಿನಲ್ಲಿ ಆಕೆಯ ಮಾರ್ಗದರ್ಶನದಲ್ಲಿ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಸುಮಾರು 62 ಗಂಟೆಗಳ ಕಾಲ ಕಿರಣ ಹಾಯಿಸಿ ತೆಗೆದ ಚಿತ್ರವೇ ಜಗತ್ಪ್ರಸಿದ್ಧವಾದ 51ನೆಯ ಛಾಯಾಚಿತ್ರ.

1953ರ ಜನವರಿಯಲ್ಲಿ ವಿಲ್ಕಿನ್ಸ್ ಆ ಚಿತ್ರವನ್ನು ಜೇಮ್ಸ್ ವಾಟ್ಸನ್ ಅವರಿಗೆ ತೋರಿಸಿದರು. ಆ ವಿಷಯ ಫ್ರಾಂಕ್ಲಿನ್ ಅವರಿಗೆ ತಿಳಿದಿರಲಿಲ್ಲ. ಆಕೆಯ ಅಳತೆಗಳಿದ್ದ ವರದಿಯೊಂದೂ ಕೇಂಬ್ರಿಜ್ಜಿನಲ್ಲಿ ಫ್ರಾನ್ಸಿಸ್ ಕ್ರಿಕ್ ಅವರ ಕೈಸೇರಿತು. ವಾಟ್ಸನ್ ಮತ್ತು ಕ್ರಿಕ್ ತಮ್ಮ ಪ್ರತಿಭೆಯಿಂದ ಜೋಡಿಸುರುಳಿಯ ಮಾದರಿಯನ್ನು ಕಟ್ಟಿದರು. ಅದೇ ವರ್ಷ ಏಪ್ರಿಲ್ 25ರ ನೇಚರ್ ಪತ್ರಿಕೆಯಲ್ಲಿ ಅವರ ಲೇಖನ ಮೊದಲು, ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರ ಲೇಖನ ಕೊನೆಯಲ್ಲಿ ಅಚ್ಚಾದುವು. ಯಾವುದರ ಆಧಾರದ ಮೇಲೆ ಮಾದರಿ ಎದ್ದಿತೋ ಅದು ಮಾದರಿಗೆ ಸಮರ್ಥನೆಯೆಂಬಂತೆ ಓದುಗರಿಗೆ ತೋರಿತು. 1962ರಲ್ಲಿ ಕ್ರಿಕ್, ವಾಟ್ಸನ್, ವಿಲ್ಕಿನ್ಸ್ ಮೂವರಿಗೂ ನೊಬೆಲ್ ಪ್ರಶಸ್ತಿ ಬಂದಾಗ ಫ್ರಾಂಕ್ಲಿನ್ ಬದುಕಿರಲಿಲ್ಲ. ಮೃತರಿಗೆ ಆ ಪ್ರಶಸ್ತಿಯನ್ನು ಕೊಡುವ ವಾಡಿಕೆಯಿಲ್ಲ.

ಈ ಅನ್ಯಾಯವನ್ನು ಮರೆಮಾಚುವುದು ತಪ್ಪು. ಆದರೆ ಆಕೆಯ ಬಾಳೆಲ್ಲ ಈ ಎರಡು ವರ್ಷಗಳ ದುಃಖಕಥೆಯೆಂದು ಬಗೆಯುವುದು ಅದಕ್ಕಿಂತ ದೊಡ್ಡ ತಪ್ಪು. 1953ರ ಮಾರ್ಚ್ ತಿಂಗಳಿನಲ್ಲಿಯೇ ಆಕೆ ಬರ್ಕ್‌ಬೆಕ್ ಕಾಲೇಜಿಗೆ ಹೋಗಿ, ಜೆ.ಡಿ. ಬರ್ನಾಲ್ ಅವರ ಆಶ್ರಯದಲ್ಲಿ ಹೊಸ ಕೆಲಸವನ್ನಾರಂಭಿಸಿದ್ದರು. 1924ರಲ್ಲಿ, ಇನ್ನೂ ತರುಣರಾಗಿದ್ದಾಗ, ಗ್ರಾಫೈಟಿನ ಪದರರಚನೆಯನ್ನು ನಿರ್ಣಯಿಸಿದ್ದವರು ಇದೇ ಬರ್ನಾಲ್. ಆದುದರಿಂದ ಇದ್ದಿಲಿನ ವಿದುಷಿಯ ಯೋಗ್ಯತೆ ಅವರಿಗೆ ತಿಳಿಯದಿರಲಿಲ್ಲ. ಇಲ್ಲಿ ಫ್ರಾಂಕ್ಲಿನ್ ಹೊಗೆಸೊಪ್ಪಿನ ಎಲೆಗೆ ರೋಗ ತರುವ ವೈರಾಣುವನ್ನು ಕೈಗೆತ್ತಿಕೊಂಡರು. 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪದ ಆ ಕಡ್ಡಿ ಒಳಗೆ ಟೊಳ್ಳಾಗಿದೆಯೆಂದೂ, ಅದರ ಆರ್.ಎನ್.ಎ. ಎಳೆ ಟೊಳ್ಳಿನಲ್ಲಿ ತೇಲದೆ ಸಸಾರಜನಕದ ಗೋಡೆಯೊಳಗೇ ಸುರುಳಿಯಾಗಿ ಹುದುಗಿದೆಯೆಂದೂ ಆಕೆ ಮತ್ತು ಆಕೆಯ ತಂಡ ತೋರಿಸಿದರು. 1954ರಲ್ಲಿ ಆಕೆಯ ಜೊತೆಗೂಡಿದ ಏರನ್ ಕ್ಲುಗ್ ಅದೇ ಮಾರ್ಗದಲ್ಲಿ ಮುಂದುವರಿದು 1982ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಪಡೆದರು.

ಕೊನೆಯ ದಿನಗಳು

1956ರಲ್ಲಿ ಅಮೆರಿಕದ ಪ್ರವಾಸದಲ್ಲಿದ್ದಾಗ ದೇಹದಲ್ಲಿ ತೊಂದರೆ ಕಾಣಿಸಿಕೊಂಡಿತು. ಹಿಂದಿರುಗಿ ಪರೀಕ್ಷೆ ಮಾಡಿಸಿದಾಗ ಅಂಡಾಶಯದ ಕ್ಯಾನ್ಸರ್ ಎಂದು ತಿಳಿದುಬಂದಿತು. ಶಸ್ತ್ರಚಿಕಿತ್ಸೆಗಳಾದುವು. ಚಿಕಿತ್ಸೆಯ ನಡುನಡುವೆ ಪ್ರಯೋಗಶಾಲೆಗೆ ಬರುವುದನ್ನು ಆಕೆ ಬಿಡಲಿಲ್ಲ. 1956ರಲ್ಲಿ ಏಳು ಲೇಖನಗಳು, 1957ರಲ್ಲಿ ಆರು ಲೇಖನಗಳು ತಂಡದಿಂದ ಹೊರಬಿದ್ದುವು. ಅಪಾಯವಿದೆಯೆಂದು ತಿಳಿದೂ ಪೋಲಿಯೊ ವೈರಾಣುವಿನ ಅಧ್ಯಯನಕ್ಕೆ ತೊಡಗಿದರು. 1958ರ ಏಪ್ರಿಲ್ 16ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಕೊನೆಯುಸಿರೆಳೆದರು. ಮರುದಿನವೇ ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದಲ್ಲಿ ವಿಶ್ವ ವಸ್ತುಪ್ರದರ್ಶನ ಆರಂಭವಾಯಿತು. ಆಕೆ ಸಿದ್ಧಪಡಿಸಿದ್ದ ಹೊಗೆಸೊಪ್ಪಿನ ವೈರಾಣುವಿನ ದೊಡ್ಡ ಮಾದರಿ ಅಲ್ಲಿ ನಿಂತಿತ್ತು, ಮಾಡಿದವರು ಇರಲಿಲ್ಲ. ಪೋಲಿಯೊ ವೈರಾಣುವಿನ ಕೆಲಸವನ್ನು ಕ್ಲುಗ್ ಮತ್ತು ಜಾನ್ ಫಿಂಚ್ 1959ರಲ್ಲಿ ಪೂರ್ಣಗೊಳಿಸಿ, ಆ ಲೇಖನವನ್ನು ಆಕೆಯ ಸ್ಮರಣೆಗೆ ಅರ್ಪಿಸಿದರು.

ಪದರದಿಂದ ಹಂದರಕ್ಕೆ

ಇನ್ನು ಆರಂಭದಲ್ಲಿ ಹೇಳಿದ ಹಂದರದ ವಿಷಯಕ್ಕೆ ಬರೋಣ. ಗ್ರಾಫೈಟನ್ನು ತೀವ್ರವಾದ ಆಮ್ಲಗಳಿಂದ ಸಂಸ್ಕರಿಸಿದರೆ ಪದರಗಳ ನಡುವೆ ಆಮ್ಲಜನಕ ಸೇರಿಕೊಂಡು, ಪದರಗಳು ಸಡಿಲವಾಗಿ ನೀರಿನಲ್ಲಿ ಬಿಡಿಬಿಡಿಯಾಗುತ್ತವೆ. ಈ ಗ್ರಾಫೈಟ್ ಆಕ್ಸೈಡನ್ನು ಮೊದಲು ತಯಾರಿಸಿ 1859ರಲ್ಲಿ ಪ್ರಕಟಿಸಿದವರು ಆಕ್ಸ್‌ಫರ್ಡಿನ ಬೆಂಜಮಿನ್ ಬ್ರೋಡಿ. ಅದನ್ನು ಶೀಘ್ರವಾಗಿ ತಯಾರಿಸುವ ಹಮ್ಮರ್ಸ್ ಮತ್ತು ಆಫ್ಮನ್ ಅವರ ವಿಧಾನ ಪ್ರಕಟವಾದುದು ಫ್ರಾಂಕ್ಲಿನ್ ತೀರಿಕೊಂಡ 1958ರಲ್ಲಿಯೇ. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟಿನ ಪದರಗಳನ್ನು ಸುಲಿದು, ಒಂದೇ ಪರಮಾಣು ದಪ್ಪದ ಹಾಳೆಯನ್ನು ಪ್ರತ್ಯೇಕಿಸಿ ಅದರ ಗುಣಗಳನ್ನು ಅಳೆದರು. ಅದೇ ಗ್ರಾಫೀನ್. ಅವರಿಗೆ 2010ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ದೇಹವು ತಾನೇ ಕಟ್ಟಿಕೊಂಡಿರುವ ಹಂದರವೂ ಒಂದುಂಟು. ಅದರಲ್ಲಿ ಕೊಲ್ಲಾಜನ್ ಎಂಬ ಸಸಾರಜನಕವೇ ಮುಖ್ಯ. ಅದರ ಮೂರೆಳೆಯ ಹುರಿಯ ರಚನೆಯನ್ನು 1954-55ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಪ್ರತಿಪಾದಿಸಿದರು. ರಾಮಚಂದ್ರನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರೆಂಬುದು ನಮಗೆ ಹೆಮ್ಮೆಯ ವಿಷಯ. ಈ ಸಹಜ ಹಂದರವನ್ನು ಅನುಕರಿಸಿ ಕೊಲ್ಲಾಜನ್, ಜೆಲಾಟಿನ್ ಅಥವಾ ದೇಹದಲ್ಲಿ ಕ್ರಮೇಣ ಕರಗಿಹೋಗುವ ಕೃತಕ ಪಾಲಿಮರುಗಳಿಂದ ಹೊಸ ಹಂದರಗಳನ್ನು ಮಾಡುತ್ತಾರೆ. ಇವು ಎಲುಬಿನ ಭಾರ ಹೊರುವಷ್ಟು ಗಟ್ಟಿಯಲ್ಲ. ಕೆಲವಕ್ಕೆ ಜೀವಕೋಶಗಳು ಅಂಟಿಕೊಳ್ಳುವುದೂ ಕಡಿಮೆ. ಇಲ್ಲಿ ಪದರವಸ್ತುಗಳು ನೆರವಿಗೆ ಬರುತ್ತವೆ. ಸ್ವಲ್ಪವೇ ಪ್ರಮಾಣದ ಗ್ರಾಫೀನ್ ಆಕ್ಸೈಡನ್ನು ಬೆರೆಸಿದರೆ ಹಂದರದ ದಾರ್ಢ್ಯ ಹೆಚ್ಚುತ್ತದೆ. ಆ ಹಾಳೆಗಳ ಮೇಲಿನ ಆಮ್ಲಜನಕದ ಗುಂಪುಗಳು ನೀರನ್ನೂ ಸಸಾರಜನಕಗಳನ್ನೂ ಹಿಡಿದುಕೊಳ್ಳುವುದರಿಂದ ಜೀವಕೋಶಗಳಿಗೆ ನೆಲೆ ದೊರೆಯುತ್ತದೆ. ಆಕರ ಕೋಶಗಳು ಅಂತಹ ಮೇಲ್ಮೈಯಲ್ಲಿ ಎಲುಬಿನ ಕೋಶಗಳಾಗಿ ಮಾರ್ಪಡುವುದು ತ್ವರಿತವಾಗುತ್ತದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಬಗೆಯ ಸಂಶೋಧನೆ ನಡೆದಿದೆ. ಮೆರಿಂಗ್ ಅವರಿಗೆ ಪ್ರಿಯವಾಗಿದ್ದ ಜೇಡಿಮಣ್ಣಿನ ಜಾತಿಯ ಪದರಗಳೂ, ಸುಮಾರು 25 ನ್ಯಾನೋಮೀಟರ್ ಅಗಲ ಮತ್ತು 1 ನ್ಯಾನೋಮೀಟರ್ ದಪ್ಪದ ಬಿಲ್ಲೆಗಳಾಗಿ, ಇದೇ ಉದ್ದೇಶಕ್ಕೆ ಪರೀಕ್ಷಿಸಲ್ಪಡುತ್ತಿವೆ.

ಆದರೆ ಪದರವಸ್ತುಗಳನ್ನು ಬೆರೆಸಿದ ಈ ಹಂದರಗಳು ಇನ್ನೂ ರೋಗಿಗಳ ನಿತ್ಯಚಿಕಿತ್ಸೆಗೆ ಬಂದಿಲ್ಲ. ಪ್ರಮಾಣ ಮೀರಿದರೆ, ಅಥವಾ ಹಾಳೆಗಳ ಗಾತ್ರ ಮತ್ತು ಶುದ್ಧಿ ಸರಿಯಿಲ್ಲದಿದ್ದರೆ, ಇವು ಜೀವಕೋಶಗಳಿಗೆ ಹಾನಿ ಮಾಡಬಲ್ಲುವೆಂಬುದೂ ಪ್ರಯೋಗಸಿದ್ಧ. ಹಂದರ ಕರಗಿದ ಮೇಲೆ ಪದರಗಳು ದೇಹದಲ್ಲಿ ಎಲ್ಲಿಗೆ ಹೋಗುತ್ತವೆಂಬುದನ್ನು ದೀರ್ಘಕಾಲ ಪರೀಕ್ಷಿಸಬೇಕಾಗಿದೆ. ಇಂಗಾಲದ ಪದರಗಳು ದೇಹದೊಳಗೆ ಈಗಾಗಲೇ ನೆಲೆಸಿರುವ ನಿದರ್ಶನವೂ ಇಲ್ಲದಿಲ್ಲ. 1960ರ ದಶಕದ ಕೊನೆಯಿಂದ ಕೃತಕ ಹೃದಯಕವಾಟಗಳಲ್ಲಿ ಬಳಸುತ್ತಿರುವ ಒಂದು ಬಗೆಯ ಇಂಗಾಲದಲ್ಲಿ ಪದರಗಳು ಸಮಾಂತರವಾಗಿದ್ದೂ ತಿರುಗಿಕೊಂಡಿರುತ್ತವೆ. ಫ್ರಾಂಕ್ಲಿನ್ ಅಳೆದ ಎರಡನೆಯ ಸ್ಥಿತಿಯ ಇಂಗಾಲ ಹೀಗೆ ಎಷ್ಟೋ ಜನರ ಎದೆಯಲ್ಲಿ ಮಿಡಿಯುತ್ತಿದೆ.

ಫ್ರಾಂಕ್ಲಿನ್ ಗ್ರಾಫೀನನ್ನು ಕಂಡುಹಿಡಿದರೆಂದಾಗಲಿ, ಅಂಗಾಂಶದ ಹಂದರಗಳನ್ನು ಯೋಚಿಸಿದರೆಂದಾಗಲಿ ಹೇಳಿದರೆ ಅಸತ್ಯವಾಗುತ್ತದೆ. ಸಾಕ್ಷ್ಯವಿಲ್ಲದ ಮಾತನ್ನು ಆಕೆ ತಮ್ಮ ಲೇಖನಗಳಲ್ಲಿ ಸೇರಿಸಿದವರಲ್ಲ. ಆಕೆಯ ಚರಿತ್ರೆಯನ್ನು ಬರೆಯುವವನೂ ಸೇರಿಸಬಾರದು. ಹೇಳಬಹುದಾದುದು ಇಷ್ಟು: ಇಂಗಾಲದ ಪದರಗಳು ಎಷ್ಟು ಅಂತರದಲ್ಲಿ ನಿಲ್ಲುತ್ತವೆ, ಏಕೆ ಕೂಡುತ್ತವೆ, ಏಕೆ ಕೂಡುವುದಿಲ್ಲ ಎಂಬ ಮೂಲಜ್ಞಾನವನ್ನು ಪ್ರಯೋಜನದ ಆಸೆಯಿಲ್ಲದೆ, ಅಳತೆಯ ನಿಷ್ಠೆಯಿಂದ ಸ್ಥಾಪಿಸಿದವರಲ್ಲಿ ಆಕೆ ಪ್ರಮುಖರು. ಪದರವಸ್ತುಗಳ ಮನೆ ಇಂದು ಎಷ್ಟೇ ಎತ್ತರಕ್ಕೆದ್ದಿರಲಿ, ಅದು ಏಳುವಾಗ ನಿಂತಿದ್ದ ಸಾರುವೆಯಲ್ಲಿ ಆಕೆಯ ಗಳುಗಳೂ ಇದ್ದುವು.

ಪ್ರಶಸ್ತಿಯಿಂದ ಬಾಳನ್ನು ಅಳೆಯುವವರಿಗೆ ಈಕೆ ವಂಚಿತೆಯಾಗಿ ಕಾಣುತ್ತಾರೆ. ಕೆಲಸದಿಂದ ಅಳೆಯುವವರಿಗೆ ಕಲ್ಲಿದ್ದಲು, ಇದ್ದಿಲು, ಡಿ.ಎನ್.ಎ., ವೈರಾಣು ಈ ನಾಲ್ಕರಲ್ಲಿಯೂ ಮುಟ್ಟಿದ್ದನ್ನು ಸ್ಪಷ್ಟಗೊಳಿಸಿದ ಪೂರ್ಣಕಾಮೆಯಾಗಿ ಕಾಣುತ್ತಾರೆ. ನಮ್ಮ ಶಾಲೆಯ ಬಾಲಕಿಯೊಬ್ಬಳು ಪೆನ್ಸಿಲ್ಲಿನಿಂದ ಗೆರೆ ಎಳೆಯುವಾಗ ಆ ಗೆರೆಯಲ್ಲಿ ಜಾರಿ ಬಂದ ಪದರಗಳ ಕಥೆಯನ್ನು ಅವಳ ಅಧ್ಯಾಪಕರು ಹೇಳಲಿ. ಆ ಪದರಗಳನ್ನು ಓದಿದ ವಿದುಷಿಯ ಹೆಸರನ್ನೂ ಜೊತೆಗೆ ಹೇಳಲಿ. ಈ ಲೇಖನ ಬರೆದುದಕ್ಕೆ ಅಷ್ಟೇ ಸಾರ್ಥಕತೆ ಸಾಕು.